ಮೈಸೂರಿನಲ್ಲಿ ಕುಳಿತು ಯುದ್ಧದ ಬಗ್ಗೆ ಪಿಎಚ್‌ಡಿ ಮಾಡಬಹುದೇ?

ಪ್ರಶ್ನೆ: ನಾನು ಮಂಡ್ಯ ಜಿಲ್ಲೆಯವಳು. ಮಾನಸಗಂಗೋತ್ರಿಯಲ್ಲಿ ರಾಜ್ಯಶಾಸ್ತ್ರ ಎಂ.ಎ. ಮುಗಿಸುತ್ತಿದ್ದೇನೆ. 2019ರಲ್ಲಿ ಪುಲ್ವಾಮಾದಲ್ಲಿ ಮಡಿದ ಯೋಧರಲ್ಲಿ ಒಬ್ಬರು ನಮ್ಮ ಮದ್ದೂರು ತಾಲ್ಲೂಕಿನವರು. ಆಗಿನಿಂದ ರಾಷ್ಟ್ರೀಯ ಭದ್ರತೆ, ಯುದ್ಧ, ವಿದೇಶಾಂಗ ವಿಚಾರಗಳ ಮೇಲೇ ಸಂಶೋಧನೆ ಮಾಡಬೇಕೆಂಬ ಆಸೆ. ‘ಭಾರತದ ರಾಷ್ಟ್ರೀಯ ಭದ್ರತೆಗೆ ಚೀನಾ ಒಡ್ಡುವ ಸವಾಲುಗಳು: ಒಂದು ವಿಶ್ಲೇಷಣೆ’ ಎಂದು ಶೀರ್ಷಿಕೆ ಇಟ್ಟುಕೊಂಡಿದ್ದೇನೆ. ದೆಹಲಿಯಲ್ಲಿ ಇಲ್ಲದೆ, ಸೇನೆಯ ದಾಖಲೆ ಸಿಗದೆ ಇದೆಲ್ಲ ಆಗುವ ಕೆಲಸವಲ್ಲ ಎಂದು ಸ್ನೇಹಿತರು ಹೇಳುತ್ತಾರೆ. ನಿಜವೇ? ವಿಷಯ ಹೇಗೆ ಆರಿಸಲಿ? ಮುಂದೆ ಕೆಲಸ ಸಿಗುತ್ತದೆಯೇ?

ಉತ್ತರ: ಮೊದಲು ಶೀರ್ಷಿಕೆಯ ವಿಚಾರ ಮುಗಿಸೋಣ. ಅದನ್ನು ಕೈಬಿಡಿ. ಚೀನಾ ದೊಡ್ಡ ವಿಷಯವೇ, ಆದರೆ ನಿಮ್ಮ ಶೀರ್ಷಿಕೆಯಲ್ಲಿ ಪ್ರಶ್ನೆ ಎಲ್ಲಿದೆ? ಸವಾಲುಗಳಿವೆ ಎಂಬ ಉತ್ತರ ಮೊದಲ ದಿನವೇ ಕೈಯಲ್ಲಿದ್ದರೆ ಇನ್ನು ನಾಲ್ಕು ವರ್ಷ ಹುಡುಕುವುದೇನು? ಗಡಿಗೆ ಒಂದು ಅಧ್ಯಾಯ, ವ್ಯಾಪಾರ ಕೊರತೆಗೆ ಒಂದು, ಪಾಕಿಸ್ತಾನದ ನಂಟಿಗೆ ಇನ್ನೊಂದು, ಹಿಂದೂ ಮಹಾಸಾಗರಕ್ಕೆ ಮತ್ತೊಂದು, ಕೊನೆಗೆ ‘ಸಲಹೆಗಳು’ ಅಂತ ಹತ್ತು ಪುಟ. ಪಿಎಚ್‌ಡಿ ಪ್ರಬಂಧಗಳ ಜಾಲತಾಣ ಶೋಧಗಂಗಾ ತೆರೆದು ನೋಡಿ, ಇದೇ ಅಚ್ಚಿನವು ಸಾಲಾಗಿ ಸಿಗುತ್ತವೆ. ಬರೆದವರು ದಡ್ಡರಲ್ಲ. ಗೈಡ್ ಒಪ್ಪಿದರು, ಸಮಿತಿ ಒಪ್ಪಿತು, ಡಿಗ್ರಿಯೂ ಬಂತು. ಆದರೆ ಅದನ್ನು ಓದಿ ಯಾರೂ ತಮ್ಮ ಅಭಿಪ್ರಾಯ ಬದಲಿಸಿಕೊಳ್ಳಲಿಲ್ಲ, ಏಕೆಂದರೆ ತಪ್ಪಾಗಬಹುದಾದ ಮಾತು ಅದರಲ್ಲಿ ಒಂದೂ ಇರಲಿಲ್ಲ.

ಟಾಪಿಕ್ ಹಿಡಿದು ಬಂದವರನ್ನು ನಾನು ಕೇಳುವುದು ಇಷ್ಟೇ: ಯಾವ ಕಾಗದ ಸಿಕ್ಕರೆ ನಿಮ್ಮ ವಾದ ಬಿದ್ದುಹೋಗುತ್ತದೆ? ಆ ಕಾಗದ ನಿಮ್ಮ ಕೈಗೆಟುಕುವ ಕಡೆ ಇದೆಯೇ? ಎರಡಕ್ಕೂ ಉತ್ತರವಿದ್ದರೆ ದೆಹಲಿಯಲ್ಲಿದ್ದರೂ ಒಂದೇ, ಕೆ.ಆರ್. ಪೇಟೆಯಲ್ಲಿದ್ದರೂ ಒಂದೇ.

ಸ್ನೇಹಿತರ ಮಾತಿನಲ್ಲಿ ಅರ್ಧ ನಿಜ ಇದೆ. 1962ರ ಸೋಲಿನ ಬಗ್ಗೆ ಲೆಫ್ಟಿನೆಂಟ್ ಜನರಲ್ ಹೆಂಡರ್ಸನ್ ಬ್ರೂಕ್ಸ್ ಮತ್ತು ಬ್ರಿಗೇಡಿಯರ್ ಭಗತ್ 1963ರಲ್ಲಿ ಕೊಟ್ಟ ವರದಿಯನ್ನು ಸರ್ಕಾರ ಇಂದಿಗೂ ಬಿಡುಗಡೆ ಮಾಡಿಲ್ಲ. ಅದರ ಒಂದು ಭಾಗ 2014ರಲ್ಲಿ ಹೊರಬಂದದ್ದು ವಿದೇಶಿ ಪತ್ರಕರ್ತರೊಬ್ಬರ ಕೈಯಿಂದ. ಯುದ್ಧದ ಕಡತಗಳನ್ನು ಸಾಮಾನ್ಯವಾಗಿ 25 ವರ್ಷದ ಹೊತ್ತಿಗೆ ರಹಸ್ಯಪಟ್ಟಿಯಿಂದ ತೆಗೆಯಬೇಕೆಂಬ ನೀತಿಯನ್ನು ರಕ್ಷಣಾ ಸಚಿವಾಲಯ 2021ರಲ್ಲಿ ಪ್ರಕಟಿಸಿತು. ನೀತಿ ಬಂದ ಮಾತ್ರಕ್ಕೆ ಕಡತ ನಿಮ್ಮ ಮೇಜಿಗೆ ಬರುತ್ತದೆಂದು ನಂಬಿಕೊಂಡು ಸಿನಾಪ್ಸಿಸ್ (ಸಂಶೋಧನೆಯ ರೂಪುರೇಷೆ) ಬರೆಯಬೇಡಿ.

ಆದರೆ ತೆರೆದ ಬಾಗಿಲುಗಳನ್ನು ಯಾರೂ ತಟ್ಟುತ್ತಿಲ್ಲ ಎಂಬುದು ಉಳಿದರ್ಧ. ಕೆ. ಸುಬ್ರಹ್ಮಣ್ಯಂ ನೇತೃತ್ವದ ಕಾರ್ಗಿಲ್ ಪರಿಶೀಲನಾ ಸಮಿತಿಯ ವರದಿಯನ್ನು ಕೆಲವು ಭಾಗ ತೆಗೆದು 2000ದಲ್ಲಿ ಸಂಸತ್ತಿನಲ್ಲಿ ಮಂಡಿಸಲಾಯಿತು, ಯಾರು ಬೇಕಾದರೂ ಓದಬಹುದು. ರಕ್ಷಣೆಗೆ ಸಂಬಂಧಿಸಿದ ಸಂಸದೀಯ ಸ್ಥಾಯಿ ಸಮಿತಿ ಪ್ರತಿ ವರ್ಷ ಬಜೆಟ್ ಬೇಡಿಕೆಗಳನ್ನು ಕೂಲಂಕಷವಾಗಿ ನೋಡಿ ವರದಿ ಕೊಡುತ್ತದೆ. ಸಚಿವಾಲಯದ ಅಧಿಕಾರಿಗಳು ಸಮಿತಿಯ ಮುಂದೆ ಹೇಳಿದ ಮಾತುಗಳು ಅದರಲ್ಲಿ ಎಷ್ಟೋ ಕಡೆ ಹಾಗೆಯೇ ಇರುತ್ತವೆ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ವರದಿಗಳು, ಲೋಕಸಭೆಯ ಚರ್ಚೆ, ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ್ ಪಟಲ್’ ಜಾಲತಾಣ, ಇವೆಲ್ಲ ನಿಮ್ಮ ಫೋನಿನಲ್ಲೇ ತೆರೆಯುತ್ತವೆ. ಟಿ.ವಿ.ಯಲ್ಲಿ ನಿವೃತ್ತ ಜನರಲ್‌ಗಳು ಕೂಗಾಡುವುದನ್ನು ಎರಡು ಗಂಟೆ ನೋಡುವ ಬದಲು ಒಂದು ಸ್ಥಾಯಿ ಸಮಿತಿ ವರದಿ ಓದಿ. ನಿದ್ದೆ ಬರಬಹುದು, ಆದರೆ ಅಡಿಟಿಪ್ಪಣಿಯಲ್ಲಿ ಹಾಕುವಂಥದ್ದು ಏನಾದರೂ ಸಿಗುತ್ತದೆ.

ಇನ್ನು ನಿಮ್ಮೂರ ಕಡೆಗೇ ಬರುತ್ತೇನೆ. ಶ್ರೀರಂಗಪಟ್ಟಣವನ್ನು ನಾವು ಪ್ರವಾಸಕ್ಕೆ, ಪಿಂಡಪ್ರದಾನಕ್ಕೆ, ಇಲ್ಲವೇ ಜಗಳಕ್ಕೆ ಬಳಸುತ್ತೇವೆ. ಭದ್ರತಾ ಅಧ್ಯಯನಕ್ಕೆ ಅದರಷ್ಟು ಒಳ್ಳೆಯ ಪ್ರಯೋಗಶಾಲೆ ದಕ್ಷಿಣ ಭಾರತದಲ್ಲಿ ಇನ್ನೊಂದಿದೆ ಎಂದು ನನಗೆ ಅನಿಸಿಲ್ಲ.

1798ರ ಸಂಗತಿ ನೋಡಿ. ಟಿಪ್ಪು ಕಳುಹಿಸಿದ ದೂತರು ಜನವರಿಯಲ್ಲಿ ಫ್ರೆಂಚರ ಕೈಯಲ್ಲಿದ್ದ ಮಾರಿಷಸ್ ತಲುಪುತ್ತಾರೆ. ಅಲ್ಲಿನ ಗವರ್ನರ್ ಮಲಾರ್ತಿಕ್ ಬಳಿ ಕೊಡಲು ಸೈನ್ಯವಿಲ್ಲ. ಆತ ಮಾಡಿದ್ದೇನು? ಟಿಪ್ಪು ನಮ್ಮ ಜತೆ ಸೇರಿ ಇಂಗ್ಲಿಷರ ಮೇಲೆ ಯುದ್ಧಕ್ಕೆ ಸಿದ್ಧನಿದ್ದಾನೆ, ಸ್ವಯಂಸೇವಕರು ಬನ್ನಿ ಎಂದು ಬಹಿರಂಗ ಪ್ರಕಟಣೆ ಹೊರಡಿಸಿದ. ಗುಟ್ಟಾಗಿ ಇರಬೇಕಾದದ್ದು ಬೀದಿಗೆ ಬಂತು. ಏಪ್ರಿಲ್‌ನಲ್ಲಿ ಮಂಗಳೂರಿನಲ್ಲಿ ಇಳಿದವರು ಹೆಚ್ಚುಕಡಿಮೆ ನೂರು ಮಂದಿ. ಜೂನ್‌ನಲ್ಲಿ ಪ್ರಕಟಣೆ ಕಲ್ಕತ್ತದ ಪತ್ರಿಕೆಯಲ್ಲಿ ಅಚ್ಚಾಯಿತು. ಆಗತಾನೇ ಬಂದಿಳಿದಿದ್ದ ಗವರ್ನರ್ ಜನರಲ್ ಮಾರ್ನಿಂಗ್ಟನ್, ಅಂದರೆ ಮುಂದೆ ವೆಲ್ಲೆಸ್ಲಿ ಎಂದು ಹೆಸರಾದವನು, ಅದನ್ನು ಹಿಡಿದುಕೊಂಡು ಯುದ್ಧದ ಸಿದ್ಧತೆಗೆ ಆದೇಶ ಕೊಟ್ಟ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು.

ಇಲ್ಲಿ ಎರಡು ವಿವರಣೆಗಳು ಎದುರುಬದುರಾಗಿ ನಿಲ್ಲುತ್ತವೆ. ಇಂಗ್ಲಿಷರಿಗೆ ಫ್ರೆಂಚರ ಭಯ ನಿಜವಾಗಿಯೂ ಇತ್ತು, ಅದೇ ಯುದ್ಧಕ್ಕೆ ಕಾರಣ ಎಂಬುದು ಒಂದು. ಭಯ ಒಂದು ನೆಪ, ಮೈಸೂರನ್ನು ಮುರಿಯುವ ಉದ್ದೇಶ ಮೊದಲೇ ಇತ್ತು ಎಂಬುದು ಇನ್ನೊಂದು. ಇವೆರಡನ್ನು ಬೇರ್ಪಡಿಸುವ ಪರೀಕ್ಷೆಯನ್ನು ಚರಿತ್ರೆಯೇ ಒದಗಿಸಿದೆ. 1798ರ ಜುಲೈನಲ್ಲಿ ನೆಪೋಲಿಯನ್ ಈಜಿಪ್ಟಿಗೆ ಬಂದಿಳಿದ. ಆಗಸ್ಟ್ 1ರಂದು ನೆಲ್ಸನ್ ನೈಲ್ ನದಿಯ ಮುಖದ ಬಳಿ ಫ್ರೆಂಚ್ ನೌಕಾಪಡೆಯನ್ನು ಧ್ವಂಸ ಮಾಡಿದ. ಈ ಸುದ್ದಿ ಅಕ್ಟೋಬರ್ ಕೊನೆಗೆ ಭಾರತ ತಲುಪಿತು. ಅದೇ ತಿಂಗಳು ಹೈದರಾಬಾದಿನಲ್ಲಿ ಫ್ರೆಂಚ್ ಅಧಿಕಾರಿಗಳ ಕೈಕೆಳಗಿದ್ದ ನಿಜಾಮನ ಪಡೆಯನ್ನೂ ಇಂಗ್ಲಿಷರು ವಿಸರ್ಜಿಸಿದ್ದರು. ಸಮುದ್ರದ ದಾರಿ ಮುಚ್ಚಿತು, ಪಕ್ಕದ ಮನೆಯ ಫ್ರೆಂಚರೂ ಹೋದರು. ಭಯವೇ ಕಾರಣವಾಗಿದ್ದರೆ ನವೆಂಬರ್‌ನಿಂದ ಮಾರ್ನಿಂಗ್ಟನ್‌ನ ಧಾಟಿ ಮೆತ್ತಗಾಗಬೇಕಿತ್ತು. ಮೆತ್ತಗಾಯಿತೇ, ಗಟ್ಟಿಯಾಯಿತೇ? ಟಿಪ್ಪುವಿಗೆ ಹಾಕಿದ ಷರತ್ತುಗಳು ತಿಂಗಳಿಂದ ತಿಂಗಳಿಗೆ ಹೇಗೆ ಬದಲಾದವು? ನೆಪೋಲಿಯನ್ ಕೈರೋದಿಂದ 1799ರ ಜನವರಿಯಲ್ಲಿ ಟಿಪ್ಪುವಿಗೆ ಬರೆದ ಪತ್ರ ಇಂಗ್ಲಿಷರ ಕೈಗೇ ಸಿಕ್ಕಿತು. ಅದರಿಂದ ಯಾವ ನಿರ್ಧಾರವಾದರೂ ಬದಲಾಯಿತೇ, ಅಥವಾ ಆಗಲೇ ಮಾಡಿಕೊಂಡ ನಿರ್ಧಾರಕ್ಕೆ ಅದು ಅಲಂಕಾರವಾಯಿತೇ?

ಮಾರ್ನಿಂಗ್ಟನ್‌ನ ಪತ್ರಗಳು 19ನೇ ಶತಮಾನದಲ್ಲೇ ಅಚ್ಚಾಗಿ ಈಗ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಟಿಪ್ಪುವಿನ ಪತ್ರಗಳಲ್ಲಿ ಒಂದಿಷ್ಟನ್ನು ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಇಂಗ್ಲಿಷಿಗೆ ತಂದಿದ್ದಾನೆ. ಆತ ಕಂಪನಿಯ ನೌಕರ, ಯಾವ ಪತ್ರ ಆರಿಸಬೇಕೆಂದು ನಿರ್ಧರಿಸಿದವನೂ ಅವನೇ ಎಂಬುದನ್ನು ಮರೆಯಬೇಡಿ. ಪಾರಸಿ ಓದಲು ಬರುವ ಒಬ್ಬ ಸ್ನೇಹಿತರಿದ್ದರೆ ನಿಮ್ಮ ಕೆಲಸದ ತೂಕವೇ ಬೇರೆಯಾಗುತ್ತದೆ.

ಟಿಪ್ಪು ಹೆಸರೆತ್ತಿದರೆ ನಮ್ಮ ಕಡೆ ಎರಡು ಗುಂಪು ತಯಾರಾಗಿ ನಿಲ್ಲುತ್ತದೆ ಎಂಬುದು ನನಗೂ ಗೊತ್ತು. ಅದಕ್ಕೇ ಹೇಳುತ್ತಿದ್ದೇನೆ, ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬುದರ ಮೇಲೆ ನಿಲ್ಲದ ಪ್ರಶ್ನೆ ಆರಿಸಿ. ಮೇಲಿನ ಪ್ರಶ್ನೆ ಮಾರ್ನಿಂಗ್ಟನ್‌ನ ತಲೆಯೊಳಗೆ ಏನಿತ್ತು ಎಂಬುದರ ಬಗ್ಗೆ. ವೈವಾದಲ್ಲಿ ಜಗಳವಾಡಲು ಬಂದವರಿಗೂ ಪತ್ರದ ದಿನಾಂಕ ತೋರಿಸಬಹುದು.

ಇದರ ತಿರುವುಮುರುವಾದ ಪ್ರಕರಣವೂ ಮೈಸೂರಿಗೆ ನಂಟಿರುವುದೇ. ಕೆ.ಎಂ. ಪಣಿಕ್ಕರ್ 1963ರಲ್ಲಿ ತೀರಿಕೊಂಡಾಗ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. ವಿಶ್ವವಿದ್ಯಾಲಯದ ಕಚೇರಿಯಿರುವ ಕ್ರಾಫರ್ಡ್ ಹಾಲ್ ಮುಂದೆ ದಿನಾ ಓಡಾಡುವ ಎಷ್ಟು ವಿದ್ಯಾರ್ಥಿಗಳಿಗೆ ಇದು ಗೊತ್ತಿದೆ? ಅವರು ಮಾವೋ ಕಾಲದ ಪೀಕಿಂಗಿನಲ್ಲಿ ಭಾರತದ ರಾಯಭಾರಿ. 1950ರ ಸೆಪ್ಟೆಂಬರ್ 15ರಂದು ಇಂಚಾನ್‌ನಲ್ಲಿ ಅಮೆರಿಕದ ಪಡೆ ಇಳಿದು ಕೊರಿಯಾ ಯುದ್ಧದ ಗತಿಯೇ ತಿರುಗಿತ್ತು. ಅಕ್ಟೋಬರ್ ಆರಂಭದ ಒಂದು ಮಧ್ಯರಾತ್ರಿ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಪಣಿಕ್ಕರ್ ಅವರನ್ನು ಕರೆಸಿ, ಅಮೆರಿಕದ ಸೇನೆ ಎರಡು ಕೊರಿಯಾಗಳ ನಡುವಿನ ಗೆರೆಯಾದ 38ನೇ ಅಕ್ಷಾಂಶ ದಾಟಿದರೆ ಚೀನಾ ಯುದ್ಧಕ್ಕೆ ಇಳಿಯುತ್ತದೆ ಎಂದು ಹೇಳಿದರು. ಪಣಿಕ್ಕರ್ ಅದನ್ನು ದೆಹಲಿಗೆ ತಿಳಿಸಿದರು, ಅಲ್ಲಿಂದ ಲಂಡನ್, ವಾಷಿಂಗ್ಟನ್‌ಗೆ ಹೋಯಿತು. ವಾಷಿಂಗ್ಟನ್ ನಂಬಲಿಲ್ಲ. ಪಣಿಕ್ಕರ್ ಕಮ್ಯುನಿಸ್ಟರ ಕಡೆ ವಾಲಿದವರು, ವಿಶ್ವಸಂಸ್ಥೆಯಲ್ಲಿ ಮತದಾನ ಹತ್ತಿರ ಬಂದಿರುವಾಗ ಇದು ಬರೀ ಬೆದರಿಕೆ ಎಂದು ಅಂದುಕೊಂಡರು. ಅಕ್ಟೋಬರ್ 19ರ ಹೊತ್ತಿಗೆ ಚೀನೀ ಸೈನಿಕರು ಕೊರಿಯಾ ಗಡಿಯ ಯಾಲು ನದಿ ದಾಟುತ್ತಿದ್ದರು.

ಒಂದು ಕಡೆ ನೂರು ಮಂದಿಯ ಬೆದರಿಕೆಯನ್ನು ಒಂದು ಸರ್ಕಾರ ನಂಬಿತು, ಅಥವಾ ನಂಬಿದಂತೆ ನಡೆದುಕೊಂಡಿತು. ಇನ್ನೊಂದು ಕಡೆ ಲಕ್ಷಗಟ್ಟಲೆ ಸೈನಿಕರ ಎಚ್ಚರಿಕೆಯನ್ನು ಮತ್ತೊಂದು ಸರ್ಕಾರ ತಳ್ಳಿಹಾಕಿತು. ಬೇಹುಗಾರಿಕೆ ಬಗ್ಗೆ ನಮ್ಮಲ್ಲಿ ಮಾತು ಬಂದಾಗಲೆಲ್ಲ ಮಾಹಿತಿ ಇತ್ತೋ ಇಲ್ಲವೋ ಎಂಬಲ್ಲೇ ಚರ್ಚೆ ಸಿಕ್ಕಿಹಾಕಿಕೊಳ್ಳುತ್ತದೆ. ಮಾಹಿತಿ ತಂದವರನ್ನು ಯಾರು, ಏಕೆ ನಂಬಿದರು ಎಂಬುದರ ಮೇಲೆ ಕೆಲಸ ಮಾಡಿದವರು ಕಡಿಮೆ. ಪಣಿಕ್ಕರ್ ಪ್ರಕರಣದ ಕಾಗದಗಳು ದೆಹಲಿಯಲ್ಲಿ ಸಿಗುವ ಮೊದಲು ನಿಮಗೆ ಅಮೆರಿಕದ ವಿದೇಶಾಂಗ ಇಲಾಖೆಯ ಜಾಲತಾಣದಲ್ಲೇ ಸಿಗುತ್ತವೆ. ಅವರು ತಮ್ಮ ಹಳೆಯ ತಂತಿ, ಟಿಪ್ಪಣಿಗಳನ್ನೆಲ್ಲ ಸಂಪುಟ ಸಂಪುಟವಾಗಿ ಹಾಕಿದ್ದಾರೆ. 1950ರ ಕೊರಿಯಾ ಸಂಪುಟ ತೆಗೆದು ಪಣಿಕ್ಕರ್ ಹೆಸರು ಬರುವ ಕಡೆಯೆಲ್ಲ ಗುರುತು ಹಾಕಿ. ಅವರ ಮಾತನ್ನು ತಳ್ಳಿಹಾಕಿದವರು ಕೊಟ್ಟ ಕಾರಣಗಳನ್ನು ಒಂದೊಂದಾಗಿ ಬರೆದುಕೊಳ್ಳಿ. ಆ ಕಾರಣಗಳಲ್ಲಿ ಎಷ್ಟು ಸುದ್ದಿಯ ಬಗ್ಗೆ, ಎಷ್ಟು ಸುದ್ದಿ ತಂದವರ ಬಗ್ಗೆ? ಇಷ್ಟೇ ಒಂದು ಅಧ್ಯಾಯ. 1971ರ ದಕ್ಷಿಣ ಏಷ್ಯಾ ಬಿಕ್ಕಟ್ಟಿನ ಸಂಪುಟವೂ ಅಲ್ಲೇ ಇದೆ. ನಿಕ್ಸನ್, ಕಿಸಿಂಜರ್ ಮಾತು ಕೇಳಿ ಸಿಟ್ಟು ಬರುತ್ತದೆ, ಬರಲಿ.

ರಾಜತಂತ್ರ ಬೇಡ, ಸೇನೆಯ ಒಳಗಿನದೇ ಬೇಕು ಎಂದರೆ ಅನ್ನದ ಕಡೆ ನೋಡಿ. ತಮಾಷೆಗೆ ಹೇಳುತ್ತಿಲ್ಲ. 1791ರ ಮೇ ತಿಂಗಳಲ್ಲಿ ಆಗಿನ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ನಿಮ್ಮ ಜಿಲ್ಲೆಯ ಅರಕೆರೆಯಲ್ಲಿ ಟಿಪ್ಪುವಿನ ಸೇನೆಯನ್ನು ಸೋಲಿಸಿದ. ರಾಜಧಾನಿ ಕಣ್ಣೆದುರಿಗೇ ಇತ್ತು. ಆದರೂ ಕೆಲವೇ ದಿನಗಳಲ್ಲಿ ತನ್ನ ಭಾರಿ ಫಿರಂಗಿಗಳನ್ನು ತಾನೇ ಒಡೆದುಹಾಕಿ ಬೆಂಗಳೂರಿನತ್ತ ಹಿಂತಿರುಗಬೇಕಾಯಿತು. ಎತ್ತುಗಳು ಸಾಲುಸಾಲಾಗಿ ಸತ್ತಿದ್ದವು, ದವಸ ಇರಲಿಲ್ಲ, ಮಳೆ ಹಿಡಿದಿತ್ತು, ಕಾವೇರಿ ಏರಿತ್ತು. ಅವನು ಹೊಳೆ ದಾಟಬೇಕೆಂದಿದ್ದ ಕನ್ನಂಬಾಡಿಯ ಹಳೆಯ ಊರು ಈಗ ಕೆಆರ್‌ಎಸ್ ನೀರಿನಡಿ ಇದೆ. ಮುಂದಿನ ವರ್ಷ ಎತ್ತು, ದವಸ ಕೂಡಿಸಿಕೊಂಡು ಬಂದ. ಆಗ ಆದದ್ದೇ 1792ರ ಶ್ರೀರಂಗಪಟ್ಟಣದ ಒಪ್ಪಂದ: ಅರ್ಧ ರಾಜ್ಯ ಹೋಯಿತು, 3 ಕೋಟಿ 30 ಲಕ್ಷ ರೂಪಾಯಿ ದಂಡ, ಇಬ್ಬರು ಮಕ್ಕಳು ಒತ್ತೆ. ಅರಸರ ಬೆಣ್ಣೆ ಚಾವಡಿಯಿಂದ ಬೆಳೆದು ಟಿಪ್ಪು ಕಾಲಕ್ಕೆ ಅಮೃತಮಹಲ್ ಆದ ದನಗಳ ಇಲಾಖೆಯನ್ನು 1799ರ ನಂತರದ ವರ್ಷಗಳಲ್ಲಿ ಕಂಪನಿ ತನ್ನ ವಶಕ್ಕೆ ತೆಗೆದುಕೊಂಡಿದ್ದು ಸುಮ್ಮನೆ ಅಲ್ಲ. ಆ ಎತ್ತುಗಳ ಓಟ ಏನೆಂಬುದನ್ನು ಅವರು ಎದುರಾಳಿಗಳಾಗಿ ಕಂಡಿದ್ದರು.

ಈಗ ಅಲ್ಲಿಂದ ನೇರ ಮೈಸೂರಿನ ಸಿದ್ಧಾರ್ಥನಗರಕ್ಕೆ ಬನ್ನಿ. ಡಿಆರ್‌ಡಿಒಗೆ ಸೇರಿದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ, ಮೈಸೂರಿಗರ ಬಾಯಲ್ಲಿ ಡಿಎಫ್‌ಆರ್‌ಎಲ್, 1961ರಿಂದ ಇಲ್ಲಿದೆ. ಎತ್ತರದ ಗಡಿಯಲ್ಲಿ ಕೆಡದ, ಬಿಸಿ ಮಾಡಿದರೆ ಸಾಕೆನ್ನುವ ಊಟ ರೂಪಿಸುವುದು ಇದರ ಕೆಲಸ. ಇತ್ತ ಸಿಎಜಿ 2020ರಲ್ಲಿ ಮಂಡಿಸಿದ ಒಂದು ವರದಿ ಸಿಯಾಚಿನ್, ಲಡಾಖ್ ಕಡೆಯ ಸೈನಿಕರ ಬಟ್ಟೆ, ಬೂಟು, ವಿಶೇಷ ಆಹಾರದ ಕೊರತೆಯನ್ನು ಎತ್ತಿ ತೋರಿಸಿತು. ನಿಗದಿಯಾದ ಪದಾರ್ಥದ ಬದಲು ಬೇರೆಯದನ್ನು ಕೊಟ್ಟದ್ದರಿಂದ ಸೈನಿಕರಿಗೆ ಸಿಗುವ ಕ್ಯಾಲರಿ ಶೇ 82ರಷ್ಟು ಕಡಿಮೆಯಾದದ್ದೂ ಇದೆ ಎಂದು ಅದರಲ್ಲಿದೆ. ಪ್ರಯೋಗಾಲಯದಲ್ಲಿ ಆಹಾರ ತಯಾರಿದೆ, ಶಿಖರದಲ್ಲಿ ಸೈನಿಕನ ತಟ್ಟೆಗೆ ಅದು ಬೀಳಲಿಲ್ಲ ಎನ್ನೋಣ. ನಡುವೆ ಯಾವ ಮೆಟ್ಟಿಲಲ್ಲಿ ನಿಂತಿತು? ಖರೀದಿ ನಿಯಮದಲ್ಲೋ, ಬೆಲೆಯಲ್ಲೋ, ಸಾಗಣೆಯಲ್ಲೋ, ರುಚಿ ಹಿಡಿಸದೆ ಸೈನಿಕರೇ ಬಿಟ್ಟರೋ? ಇದನ್ನು ಬಿಡಿಸಿ ಹೇಳಿದ ಪ್ರಬಂಧವನ್ನು ಸೇನೆಯವರೂ ಓದುತ್ತಾರೆ.

ಇಲ್ಲಿ ಒಂದು ಕಾನೂನಿನ ಗುಂಡಿ ಇದೆ, ತಿಳಿದುಕೊಂಡೇ ಇಳಿಯಿರಿ. ಮಾಹಿತಿ ಹಕ್ಕು ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಡಿಆರ್‌ಡಿಒ ಇದೆ. ಅಂದರೆ ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆಯ ಸಂಗತಿ ಬಿಟ್ಟು ಬೇರೆ ಯಾವುದಕ್ಕೂ ಡಿಎಫ್‌ಆರ್‌ಎಲ್ ನಿಮ್ಮ ಅರ್ಜಿಗೆ ಉತ್ತರ ಕೊಡಬೇಕಾಗಿಲ್ಲ. ಅದೇ ಊರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಆ ಪಟ್ಟಿಯಲ್ಲಿಲ್ಲ, ಹತ್ತು ರೂಪಾಯಿ ಅರ್ಜಿಗೆ ಅದು 30 ದಿನದಲ್ಲಿ ಉತ್ತರಿಸಬೇಕು. 20 ವರ್ಷ ಹಳೆಯ ವಿಷಯವಾದರೆ ಕೊಡಲೇಬೇಕೆಂದು ಕೆಲವರು ಹೇಳುತ್ತಾರೆ. ಸೆಕ್ಷನ್ 8(3) ಪೂರ್ತಿ ಓದಿದರೆ ದೇಶದ ಭದ್ರತೆಯ ವಿನಾಯಿತಿ ಆಮೇಲೂ ಉಳಿಯುತ್ತದೆ ಎಂಬುದು ಗೊತ್ತಾಗುತ್ತದೆ. ಇನ್ನೊಂದು: ಎರಡನೇ ಅನುಸೂಚಿಯ ಸಂಸ್ಥೆಗಳಿಂದ ನಿವೃತ್ತರಾದವರು ಆ ಕೆಲಸದ ಬಗ್ಗೆ ಏನನ್ನೂ ಅನುಮತಿಯಿಲ್ಲದೆ ಪ್ರಕಟಿಸಬಾರದೆಂದು 2021ರಲ್ಲಿ ಪಿಂಚಣಿ ನಿಯಮ ಬಿಗಿಯಾಗಿದೆ. ಪಕ್ಕದ ಮನೆಯ ನಿವೃತ್ತ ವಿಜ್ಞಾನಿ ಪ್ರೀತಿಯಿಂದ ಕಾಫಿ ಕೊಟ್ಟು ಮಾತಾಡಿದರು ಅಂತ ಅವರ ಹೆಸರು ಹಾಕಿ ಬರೆದು ಅವರ ಪಿಂಚಣಿಗೆ ಕುತ್ತು ತರಬೇಡಿ.

ಮೈಸೂರು ಪಕ್ಕದ ರತ್ನಹಳ್ಳಿಯ ವಿಚಾರ ಯಾರಾದರೂ ಕೆದಕಿಯೇ ಕೆದಕುತ್ತಾರೆ. ಪರಮಾಣು ಶಕ್ತಿ ಇಲಾಖೆಯ ಆ ಘಟಕದ ಬಗ್ಗೆ ವಿದೇಶಿ ವಿದ್ವಾಂಸರು ಮಾರುಕಟ್ಟೆಯಲ್ಲಿ ಸಿಗುವ ಉಪಗ್ರಹ ಚಿತ್ರಗಳನ್ನು ನೋಡಿ ಲೇಖನ ಬರೆದಿದ್ದಾರೆ. ಅವನ್ನು ಓದಿ, ಅವರು ಊಹೆಯಿಂದ ತೀರ್ಮಾನಕ್ಕೆ ಹೇಗೆ ಹೋಗುತ್ತಾರೆ ಎಂಬುದನ್ನು ಪರೀಕ್ಷಿಸಿ, ಅದು ಸಲ್ಲುವ ಕೆಲಸ. ಬೈಕು ಹತ್ತಿಕೊಂಡು ಹೋಗಿ ಬೇಲಿಯ ಫೋಟೊ ತೆಗೆಯುವುದು ಸಂಶೋಧನೆಯಲ್ಲ, 1923ರ ಅಧಿಕೃತ ರಹಸ್ಯಗಳ ಕಾಯ್ದೆ ಇನ್ನೂ ಜೀವಂತವಾಗಿದೆ.

ಅಂತರರಾಷ್ಟ್ರೀಯ ವ್ಯವಹಾರವೇ ನಿಮ್ಮ ಒಲವಾದರೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ ಇದೆ. 1960ರ ಸುಮಾರಿಗೆ ಅಂದಿನ ಮೈಸೂರು ಸರ್ಕಾರ ಟಿಬೆಟನ್ನರಿಗೆ ಕಾಡು ಕಡಿದು ನೆಲೆಸಲು ಜಾಗ ಕೊಟ್ಟಿತು. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಹಾಗಾಗಿ ಅಲ್ಲಿನವರ ಹಕ್ಕು, ಜಮೀನಿನ ಗೇಣಿ, ಓಡಾಟದ ಕಾಗದ ಎಲ್ಲವೂ ಸರ್ಕಾರದ ನಿರ್ಧಾರಗಳ ಮೇಲೆ ನಿಂತಿದೆ. 2014ರ ಟಿಬೆಟನ್ ಪುನರ್ವಸತಿ ನೀತಿಯನ್ನು ಯಾವ ರಾಜ್ಯ ಎಷ್ಟು ಜಾರಿಗೆ ತಂದಿತು, ಕರ್ನಾಟಕ ಏನು ಮಾಡಿತು ಎಂಬುದನ್ನು ತಾಲ್ಲೂಕು ಕಚೇರಿಯ ಮಟ್ಟದಲ್ಲಿ ನೋಡಬಹುದು. ಬೀಜಿಂಗ್ ಮತ್ತು ದೆಹಲಿ ನಡುವಿನ ಬಿಸಿ ಏರಿದಾಗ ಇಳಿದಾಗ ಬೈಲಕುಪ್ಪೆಯ ನಿಯಮಗಳು ಬಿಗಿಯಾಗುತ್ತವೆಯೇ ಸಡಿಲವಾಗುತ್ತವೆಯೇ? ನಿಮ್ಮ ಚೀನಾ ಆಸೆಗೂ ಇದು ಹತ್ತಿರವೇ. ಆದರೆ ಅಲ್ಲಿ ಸಂದರ್ಶನ ಮಾಡುವಾಗ ಜಾಗ್ರತೆ: ಮಾತಾಡಿದವರ ಅಣ್ಣತಮ್ಮಂದಿರು ಗಡಿಯಾಚೆ ಇರಬಹುದು. ಹೆಸರು, ಊರು, ವಯಸ್ಸು ಮೂರೂ ಒಟ್ಟಿಗೆ ಬರೆದರೆ ಗುರುತು ಹಿಡಿಯುವುದು ಸುಲಭ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡೆ ಎಂಬಲ್ಲಿಗೆ ನಿಮ್ಮ ಹೊಣೆ ಮುಗಿಯುವುದಿಲ್ಲ.

ಅಂಕಿಸಂಖ್ಯೆ ಇಷ್ಟಪಡುವವರಿಗೆ ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ಸಂಘರ್ಷ ದತ್ತಾಂಶ, ಸ್ಟಾಕ್‌ಹೋಮ್‌ನ ಶಾಂತಿ ಸಂಶೋಧನಾ ಸಂಸ್ಥೆ ಸಿಪ್ರಿಯ ಸೇನಾ ವೆಚ್ಚದ ಪಟ್ಟಿ ಇವೆ, ಎರಡೂ ಉಚಿತ. ಬಳಸುವ ಮುನ್ನ ಅವರ ಅಳತೆಗೋಲು ನೋಡಿ. ಉಪ್ಸಲಾದವರಿಗೆ ವರ್ಷಕ್ಕೆ 25 ಸಾವಾದರೆ ಸಶಸ್ತ್ರ ಸಂಘರ್ಷ, 1,000 ದಾಟಿದರೆ ಯುದ್ಧ. ಕಾರ್ಗಿಲ್‌ನಲ್ಲಿ ಭಾರತ ಕಳೆದುಕೊಂಡವರು ಅಧಿಕೃತವಾಗಿ 527. ಪಾಕಿಸ್ತಾನದ ಸಾವಿನ ಲೆಕ್ಕ ಎರಡೂ ದೇಶದ್ದು ಬೇರೆ ಬೇರೆ. ಯಾವ ಲೆಕ್ಕ ಹಿಡಿಯುತ್ತೀರಿ ಎಂಬುದರ ಮೇಲೆ ಕಾರ್ಗಿಲ್ ಯುದ್ಧವೋ ಅಲ್ಲವೋ ಎಂದು ತೀರ್ಮಾನವಾಗುತ್ತದೆ. ಪ್ರಜಾಪ್ರಭುತ್ವಗಳು ಪರಸ್ಪರ ಯುದ್ಧ ಮಾಡುವುದಿಲ್ಲ ಎಂಬ ಪ್ರಸಿದ್ಧ ಸಿದ್ಧಾಂತದ ಪರ ಅಥವಾ ವಿರುದ್ಧ ಕಾರ್ಗಿಲ್ ಅನ್ನು ಎಳೆಯುವವರು ಮೊದಲು ಇದಕ್ಕೆ ಉತ್ತರ ಕೊಡಬೇಕು. ದ್ರಾಸ್‌ನಲ್ಲಿ ಕಾದಾಡಿದವರಿಗೆ ಇದು ಕ್ರೂರ ಲೆಕ್ಕಾಚಾರ ಅನ್ನಿಸಿದರೆ ಆಶ್ಚರ್ಯವಿಲ್ಲ.

ಮೊದಲ ಮಹಾಯುದ್ಧದಲ್ಲಿ ಇಂದಿನ ಇಸ್ರೇಲಿನ ಹೈಫಾ ಊರಿನ ಮೇಲೆ ದಾಳಿಯಿಟ್ಟ ಮೈಸೂರು ಸಂಸ್ಥಾನದ ಕುದುರೆ ಪಡೆ, ಮೈಸೂರು ಲ್ಯಾನ್ಸರ್ಸ್ ಬಗ್ಗೆಯೂ ಕೇಳಿಬರುತ್ತದೆ. 1918ರ ಸೆಪ್ಟೆಂಬರ್ 23ರ ಆ ದಾಳಿ ನಿಜಕ್ಕೂ ಅಪೂರ್ವ. ದೆಹಲಿಯ ತೀನ್ ಮೂರ್ತಿ ವೃತ್ತಕ್ಕೆ 2018ರಲ್ಲಿ ಇಸ್ರೇಲ್ ಪ್ರಧಾನಿ ಬಂದಾಗ ಹೈಫಾ ಹೆಸರು ಸೇರಿತು. ಶೌರ್ಯದ ಕಥೆ ಈಗಾಗಲೇ ಸಾಕಷ್ಟು ಬಂದಿದೆ. ಸಂಸ್ಥಾನದ ಅರಸರು ಸಾಮ್ರಾಜ್ಯದ ಯುದ್ಧಕ್ಕೆ ಪಡೆ ಕಳಿಸಿದ್ದು ಯಾವ ಲೆಕ್ಕದ ಮೇಲೆ, ಖರ್ಚು ಯಾರ ತಲೆಗೆ ಬಿತ್ತು ಎಂಬುದನ್ನು ಸಂಸ್ಥಾನದ ಆಡಳಿತ ವರದಿಗಳಿಂದ ಹೆಕ್ಕುವುದಾದರೆ ಮಾಡಿ. ರಾಜ್ಯ ಪತ್ರಾಗಾರದ ವಿಭಾಗೀಯ ಕಚೇರಿ ಮೈಸೂರಿನಲ್ಲೇ ಇದೆ. ಟಿಪ್ಪುವಿನ ರಾಕೆಟ್ಟುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಪ್ರತಿ ವರ್ಷ ಯಾರೋ ಒಬ್ಬರು ಅದನ್ನೇ ಹಿಡಿದು ಬರುತ್ತಾರೆ.

ಬರವಣಿಗೆಯ ಮಾದರಿಗೆ ಏನು ಓದಲಿ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಮೆರಿಕದ ಮಾಂಟೆರೆಯಲ್ಲಿರುವ ನೌಕಾ ಸ್ನಾತಕೋತ್ತರ ಶಾಲೆಯ ವಿದ್ಯಾರ್ಥಿಗಳು ಬಹುಪಾಲು ಸೇವೆಯಲ್ಲಿರುವ ಅಧಿಕಾರಿಗಳು, ಹೊರದೇಶದವರೂ ಇದ್ದಾರೆ. ಅವರ ಪ್ರಬಂಧಗಳಲ್ಲಿ ಹೆಚ್ಚಿನವು ಅಂತರ್ಜಾಲದಲ್ಲಿ ಮುಕ್ತವಾಗಿವೆ. ಎಲ್ಲವೂ ಶ್ರೇಷ್ಠವೇನಲ್ಲ, ಎಷ್ಟೋ ಆತುರದಲ್ಲಿ ಬರೆದವು. ಆದರೆ ಮೊದಲ ಎರಡು ಪುಟ ನೋಡಿ: ಪ್ರಶ್ನೆ ಏನು, ಯಾವ ಯಾವ ಉತ್ತರ ಸಾಧ್ಯ, ಯಾವ ಎರಡು ಮೂರು ಪ್ರಕರಣ ಹೋಲಿಸುತ್ತೇನೆ, ಏಕೆ ಅವೇ ಎಂದು ನೇರವಾಗಿ ಹೇಳಿರುತ್ತಾರೆ. ನಮ್ಮಲ್ಲಿ ಕೌಟಿಲ್ಯನಿಂದ ಹಿಡಿದು ಎಲ್ಲರಿಗೂ ನಮಸ್ಕಾರ ಹಾಕಿ ವಿಷಯಕ್ಕೆ ಬರುವಷ್ಟರಲ್ಲಿ ಮೂರನೇ ಅಧ್ಯಾಯ ಮುಗಿದಿರುತ್ತದೆ. ಬೆಂಗಳೂರಿನಲ್ಲಿ ನಿಯಾಸ್ (ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ) ಮತ್ತು ತಕ್ಷಶಿಲಾ ಸಂಸ್ಥೆ, ಮಣಿಪಾಲದಲ್ಲಿ ಭೂರಾಜಕೀಯ ವಿಭಾಗ ಇವೆ. ಅಲ್ಲಿನ ಸಾರ್ವಜನಿಕ ಉಪನ್ಯಾಸಗಳಿಗೆ ಹೋಗಿ, ಪ್ರಶ್ನೆ ಕೇಳಿ, ಇಮೇಲ್ ಬರೆಯಿರಿ. ಇಂಥ ಕಡೆ ಮಂಡ್ಯದ ಹುಡುಗಿ ಎದ್ದು ನಿಂತು ಅರಕೆರೆಯ ಎತ್ತುಗಳ ಬಗ್ಗೆ ಕೇಳಿದರೆ ಜನ ತಿರುಗಿ ನೋಡುತ್ತಾರೆ.

ಚೀನಾ ಬಿಡಲಾರೆ ಎನ್ನುವುದಾದರೆ ನಿಮ್ಮ ಶೀರ್ಷಿಕೆಯನ್ನು ಹೀಗೆ ಕಿರಿದು ಮಾಡಬಹುದು. 1959ರಿಂದ ನೆಹರೂ ಸರ್ಕಾರ ಚೀನಾ ಜತೆಗಿನ ಪತ್ರವ್ಯವಹಾರವನ್ನು ಶ್ವೇತಪತ್ರಗಳಾಗಿ ಸಂಸತ್ತಿನ ಮುಂದಿಡತೊಡಗಿತು. 1960ರ ಏಪ್ರಿಲ್‌ನಲ್ಲಿ ಚೌ ಎನ್‌ಲಾಯ್ ದೆಹಲಿಗೆ ಬಂದು ಬರಿಗೈಲಿ ಹೋದರು. ಪತ್ರಗಳು ಬಹಿರಂಗವಾದದ್ದೇ ನೆಹರೂ ಅವರ ಕೈ ಕಟ್ಟಿಹಾಕಿತೇ, ಅಥವಾ ರಾಜಿಗೆ ಅವರು ಮೊದಲೇ ಸಿದ್ಧರಿರಲಿಲ್ಲವೇ? ಶ್ವೇತಪತ್ರಗಳೂ ಲೋಕಸಭೆಯ ಚರ್ಚೆಗಳೂ ಅಂತರ್ಜಾಲದಲ್ಲಿ ಇವೆ. ಮೊದಲ ಶ್ವೇತಪತ್ರ ಬರುವ ಮುನ್ನ ನೆಹರೂ ಸದನದಲ್ಲಿ ಬಳಸಿದ ಮಾತನ್ನು, ಆಮೇಲಿನ ಮಾತನ್ನು ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸ ಇಲ್ಲದಿದ್ದರೆ ನಿಮ್ಮ ಮೊದಲ ಊಹೆ ಬಿತ್ತು. ಬೀಳಲಿ, ಆಗಲೇ ಎರಡನೆಯದಕ್ಕೆ ಬಲ ಬರುವುದು.

ಪುಲ್ವಾಮಾದ ಮೇಲೇ ಬರೆಯಬೇಕೆಂದು ಒಳಗೊಳಗೆ ಆಸೆಯಿದ್ದರೆ ಈಗ ಬೇಡ. ನೋವು ನಿಮ್ಮನ್ನು ಈ ಕ್ಷೇತ್ರಕ್ಕೆ ತಂದದ್ದು ಸಹಜ. ಆದರೆ ಕಾಗದಗಳು ಬರಲು ಇನ್ನೂ ಬಹಳ ಕಾಲ ಬೇಕು, ಪಿಎಚ್‌ಡಿ ಅವಧಿ ಅಷ್ಟು ಕಾಯುವುದಿಲ್ಲ.

ಕೆಲಸದ ಪ್ರಶ್ನೆಗೆ ಖಡಾಖಂಡಿತ ಉತ್ತರ ಕೊಡುತ್ತೇನೆ. ಅಧ್ಯಾಪಕರ ಅರ್ಹತೆಯ ನೆಟ್ ಪರೀಕ್ಷೆಯಲ್ಲಿ ರಕ್ಷಣಾ ಮತ್ತು ಸ್ಟ್ರಾಟೆಜಿಕ್ ಅಧ್ಯಯನ ಎಂಬ ಪ್ರತ್ಯೇಕ ವಿಷಯವಿದೆ. ಪುಣೆ, ಮದ್ರಾಸ್, ಅಲಹಾಬಾದ್ ವಿಶ್ವವಿದ್ಯಾಲಯಗಳಲ್ಲಿ ಅದಕ್ಕೆ ವಿಭಾಗಗಳೂ ಇವೆ. ಆದರೆ ನಮ್ಮ ರಾಜ್ಯದ ಕಾಲೇಜುಗಳು ಹುದ್ದೆ ಕರೆಯುವುದು ರಾಜ್ಯಶಾಸ್ತ್ರ, ಇತಿಹಾಸದ ಹೆಸರಿನಲ್ಲಿ. ಆದ್ದರಿಂದ ನೋಂದಣಿ ರಾಜ್ಯಶಾಸ್ತ್ರದಲ್ಲೇ ಮಾಡಿಸಿ, ನೆಟ್ ಅಥವಾ ರಾಜ್ಯ ಮಟ್ಟದ ಕೆ-ಸೆಟ್ ಅದರಲ್ಲೇ ಬರೆಯಿರಿ, ಪ್ರಬಂಧದ ವಿಷಯ ಭದ್ರತೆಯದಿರಲಿ. ದೆಹಲಿಯ ಚಿಂತನಾ ಕೂಟಗಳಲ್ಲಿ ಕೆಲಸಗಳಿವೆ, ಹೆಚ್ಚಿನವು ಒಂದೆರಡು ವರ್ಷದ ಗುತ್ತಿಗೆಯವು, ಬಾಡಿಗೆ ಕಟ್ಟಿದ ಮೇಲೆ ಸಂಬಳದಲ್ಲಿ ಏನು ಉಳಿಯುತ್ತದೆಂದು ಮೊದಲೇ ಲೆಕ್ಕ ಹಾಕಿ. ಪ್ರಬಂಧ ಕನ್ನಡದಲ್ಲಿ ಬರೆಯುವ ಮನಸ್ಸಿದ್ದರೆ ಬರೆಯಿರಿ, ರಾಜ್ಯಶಾಸ್ತ್ರದಲ್ಲಿ ಕನ್ನಡದ ಪಿಎಚ್‌ಡಿಗಳು ಹೊಸತಲ್ಲ. ಆದರೆ ಅದರಿಂದ ಕನಿಷ್ಠ ಒಂದು ಲೇಖನವನ್ನಾದರೂ ಇಂಗ್ಲಿಷಿನಲ್ಲಿ ಪ್ರಕಟಿಸಿ, ಈ ಕ್ಷೇತ್ರದಲ್ಲಿ ನಿಮ್ಮನ್ನು ತಪ್ಪೆಂದು ತೋರಿಸಬಲ್ಲವರು ಬಹುಪಾಲು ಕನ್ನಡ ಓದುವುದಿಲ್ಲ. ಗೈಡ್ ಹತ್ತಿರ ಹೋಗುವಾಗ ಇಪ್ಪತ್ತು ಪುಟದ ಸಿನಾಪ್ಸಿಸ್ ಬೇಡ. ಒಂದು ಹಾಳೆಯ ಮೇಲೆ ಪ್ರಶ್ನೆ, ಅದಕ್ಕೆ ಎರಡು ಎದುರಾಳಿ ಉತ್ತರ, ಎರಡರಲ್ಲಿ ಒಂದನ್ನು ಕೆಡವಬಲ್ಲ ಕಾಗದ ಎಲ್ಲಿದೆ ಎಂಬ ವಿವರ, ಇಷ್ಟು ಬರೆದುಕೊಂಡು ಹೋಗಿ.